ಓಲೆಗರಿಯಿಂದ ಅಂಗಡಿಯ ಹಲಗೆಗೆ: ವಚನಗ್ರಂಥಗಳು ಭಕ್ತರ ಮನೆ ತಲುಪಿದ ಬಗೆ



ಈ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ವಚನವನ್ನು ಎತ್ತಿಕೊಂಡು ಅದರ ಅರ್ಥವನ್ನೂ ಅನುಭಾವವನ್ನೂ ಪರಿಶೀಲಿಸುವುದು ವಾಡಿಕೆ. ಇಂದು ವಚನದ ಅರ್ಥಕ್ಕೆ ಮುನ್ನ ಬರುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಲಾಗಿದೆ. ನಿತ್ಯ ಲಿಂಗಪೂಜೆಯ ತರುವಾಯ ನಾವು ಓದುವ ವಚನದ ಪುಸ್ತಕವು ನಮ್ಮ ಕೈಗೆ ಬಂದುದು ಹೇಗೆ? ಹನ್ನೆರಡನೆಯ ಶತಮಾನದ ಶರಣರ ನುಡಿಯು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದ ಮನೆಯವರೆಗೆ ಬರಲು ಯಾರು ಯಾರು ದುಡಿದರು? ಬರೆದವರನ್ನು ನಾವು ಪೂಜಿಸುತ್ತೇವೆ, ವ್ಯಾಖ್ಯಾನಿಸಿದವರನ್ನು ಗೌರವಿಸುತ್ತೇವೆ. ಆದರೆ ಪ್ರತಿ ಮಾಡಿದವರು, ಅಚ್ಚು ಮಾಡಿದವರು, ಹೊತ್ತು ಮಾರಿದವರು, ಅಂಗಡಿಯ ಹಲಗೆಯ ಮೇಲೆ ಇಟ್ಟುಕೊಂಡು ಕಾದವರು ನಮ್ಮ ಸ್ಮರಣೆಯಿಂದ ದೂರವೇ ಉಳಿದಿದ್ದಾರೆ. ಅವರದೂ ಒಂದು ಕಾಯಕವೇ. ಆ ಕಾಯಕದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ತೋಂಟದ ನಾಡಿನ ಓಲೆಗರಿಗಳು

ಕಲ್ಯಾಣದ ವಿಪ್ಲವದ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತುಕೊಂಡು ನಾಡಿನ ಹಲವು ದಿಕ್ಕುಗಳಿಗೆ ಚದುರಿದರೆಂದೂ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಒಂದು ತಂಡ ಉಳವಿಯವರೆಗೆ ಸಾಗಿತೆಂದೂ ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ಚದುರಿದ ಈ ನುಡಿಗಳನ್ನು ಒಟ್ಟುಗೂಡಿಸಿ ಸ್ಥಲಕಟ್ಟಿಗೆ ಅಳವಡಿಸುವ ಮಹತ್ಕಾರ್ಯವು ಮೊದಲಾಯಿತು. ಆ ಕಾರ್ಯದ ಎರಡನೆಯ ಘಟ್ಟವು ನಮ್ಮ ಸೀಮೆಯಲ್ಲಿಯೇ ನಡೆಯಿತೆಂಬುದು ಇಲ್ಲಿನ ಭಕ್ತರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಹರದನಹಳ್ಳಿಯ ಪರಂಪರೆಯಿಂದ ಬಂದ ಸಿದ್ಧಲಿಂಗೇಶ್ವರರು ಕಗ್ಗೆರೆಯ ತೋಟದಲ್ಲಿ ಶಿವಯೋಗನಿರತರಾಗಿದ್ದುದರಿಂದಲೇ ಅವರಿಗೆ ‘ತೋಂಟದ’ ಎಂಬ ವಿಶೇಷಣ ಪ್ರಾಪ್ತವಾಯಿತು. ಅವರ ಗದ್ದಿಗೆ ಇರುವ ಎಡೆಯೂರು ಕುಣಿಗಲ್ ತಾಲ್ಲೂಕಿಗೆ ಸೇರಿದ್ದು, ತುರುವೇಕೆರೆಗೆ ಸಮೀಪದಲ್ಲಿಯೇ ಇದೆ. ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’ ಎಂಬ ಅಂಕಿತದಲ್ಲಿ ಅವರು ರಚಿಸಿದ 701 ವಚನಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ವೆಂದು ಪ್ರಸಿದ್ಧವಾಗಿವೆ. ಸ್ವತಃ ವಚನಕಾರರಾಗಿದ್ದ ಇವರ ಸುತ್ತ ವಚನಗಳನ್ನು ಸಂಕಲಿಸುವ, ಟೀಕೆ ಬರೆಯುವ, ಪ್ರತಿ ಮಾಡುವ ವಿರಕ್ತರ ದೊಡ್ಡ ಬಳಗವೇ ಬೆಳೆಯಿತು. ತುಮಕೂರಿಗೆ ಹತ್ತಿರದ ಗೂಳೂರಿನ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ‘ಶೂನ್ಯಸಂಪಾದನೆ’ಯು ಈ ಪರಂಪರೆಯ ಫಲ. ಇದೇ ಕಾಲದಲ್ಲಿ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು. ಹೀಗೆ ಎಡೆಯೂರು, ಗೂಳೂರು, ಗುಬ್ಬಿಗಳ ನಡುವಿನ ಈ ಭೂಭಾಗವನ್ನು ಹದಿನಾರನೆಯ ಶತಮಾನದ ಗ್ರಂಥಕೇಂದ್ರವೆಂದು ಕರೆದರೆ ಅತಿಶಯೋಕ್ತಿಯಾಗಲಾರದು.

ಓಲೆಗರಿಯಲ್ಲಿ ಬರೆಯುವುದು ಸುಲಭದ ಕೆಲಸವಾಗಿರಲಿಲ್ಲ. ಹದಮಾಡಿದ ಗರಿಯ ಮೇಲೆ ಕಂಟದಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿ ಸವರಿ ಒರೆಸಿದಾಗ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಪದಗಳ ನಡುವೆ ಅಂತರವಿರಲಿಲ್ಲ. ವಚನವೊಂದು ಮುಗಿದುದನ್ನು ಅಂಕಿತದಿಂದಲೇ ಗುರುತಿಸಬೇಕಾಗಿತ್ತು. ಹ್ರಸ್ವ ಎಕಾರ, ಒಕಾರಗಳಿಗೂ ಅವುಗಳ ದೀರ್ಘಕ್ಕೂ ಅನೇಕ ಪ್ರತಿಗಳಲ್ಲಿ ಭೇದವೇ ಇಲ್ಲವಾದುದರಿಂದ ‘ಕೆಡು’ ಎಂಬುದನ್ನೂ ‘ಕೇಡು’ ಎಂಬುದನ್ನೂ ಓದುವವನು ಸಂದರ್ಭದಿಂದ ತಿಳಿಯಬೇಕಾಗಿತ್ತು. ಒಂದು ಪ್ರತಿಯಿಂದ ಒಂದೇ ಒಂದು ಪ್ರತಿ. ಒಬ್ಬ ಲಿಪಿಕಾರನ ತಿಂಗಳುಗಳ ದುಡಿಮೆಗೆ ಒಂದು ಕಟ್ಟು. ಇಂತಹ ಕಟ್ಟುಗಳು ನೂರಾರು ವರ್ಷ ಉಳಿದುಬಂದಿವೆಯೆಂದರೆ ಪ್ರತಿ ಹಳತಾದಂತೆಲ್ಲ ಯಾರೋ ಒಬ್ಬರು ಕುಳಿತು ಹೊಸ ಪ್ರತಿ ಮಾಡುತ್ತ ಬಂದಿದ್ದಾರೆಂದೇ ಅರ್ಥ.

ಕಟ್ಟು ಬಿಚ್ಚದ ಕಾಲ

ಕಾಲಾನಂತರದಲ್ಲಿ ಈ ಪರಂಪರೆ ಕ್ಷೀಣಿಸಿತು. ಓಲೆಗರಿಗಳನ್ನು ಓದಬಲ್ಲವರು ಕಡಿಮೆಯಾದರು. ಓದುವವರಿಲ್ಲದ ಕಟ್ಟುಗಳು ಪೂಜೆಯ ವಸ್ತುಗಳಾದವು. ಹಬ್ಬದ ದಿನ ಕೆಳಗಿಳಿಸಿ, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಮತ್ತೆ ಮೇಲಿಡುವುದೇ ಅವುಗಳಿಗೆ ಸಲ್ಲುವ ಸೇವೆಯಾಯಿತು.

ನಮ್ಮ ಸೀಮೆಯವರಿಗೆ ಅಟ್ಟದ ವಿಷಯವನ್ನು ವಿವರಿಸಬೇಕಾದುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ತಾಳ್ಮೆಯಿಂದ ಕಾದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಕಾಲ ಬಂದಾಗ ಅದನ್ನು ಇಳಿಸಿ, ಸುಲಿದು, ಚಿಪ್ಪು ಬಿಡಿಸಿ ಮಾರುಕಟ್ಟೆಗೆ ಸಾಗಿಸಬೇಕು. ಇಳಿಸದೆ ಬಿಟ್ಟ ಕಾಯಿ ಹುಳು ಹಿಡಿದು ಹಾಳಾಗುತ್ತದೆ. ವಚನದ ಕಟ್ಟುಗಳ ಗತಿಯೂ ಇದೇ ಆಯಿತು. ಅಟ್ಟದ ಮೇಲಿನ ವಾಸ ಅವುಗಳನ್ನು ರಕ್ಷಿಸಿತೆಂಬುದು ನಿಜ. ಇಳಿಸುವವರಿಲ್ಲದೆ ಎಷ್ಟೋ ಕಟ್ಟುಗಳು ಗೆದ್ದಲಿಗೆ ಆಹಾರವಾದುದೂ ಅಷ್ಟೇ ನಿಜ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ಅಚ್ಚಿನ ಮೊಳೆಗಳು ಬಂದವು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾಯಿತು. ಪುರಾಣಗಳು, ಶತಕಗಳು, ಪೂಜಾವಿಧಿಗಳು ಕ್ರಮೇಣ ಅಚ್ಚಾದವು. ಆದರೆ ವಚನಗಳು ಒಂದು ಸಾಹಿತ್ಯವಾಗಿ, ಒಂದು ಶಾಸ್ತ್ರವಾಗಿ, ವ್ಯವಸ್ಥಿತ ರೂಪದಲ್ಲಿ ಜನರ ಮುಂದೆ ಬರಲು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದವರೆಗೆ ಕಾಯಬೇಕಾಯಿತು.

ಮನೆ ಮಾರಿ ಕಟ್ಟಿದ ಮುದ್ರಣಾಲಯ

ಆ ಕಾರ್ಯವನ್ನು ಮಾಡಿದ ಮಹನೀಯರು ಫ.ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಕಾನೂನು ಪದವಿ ಪಡೆದು ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲಿ ವೃತ್ತಿಯನ್ನು ಕೈಗೊಂಡರು. ಶಿಕ್ಷಣಸಂಸ್ಥೆ, ಸಹಕಾರಿ ಬ್ಯಾಂಕು ಮೊದಲಾದ ಸಾರ್ವಜನಿಕ ಕಾರ್ಯಗಳಲ್ಲಿ ಅವರ ಪಾತ್ರ ಹಿರಿದು. ಆದರೆ ಅವರ ಬಾಳಿನ ಮುಖ್ಯ ಕಾಯಕವು ವಚನಗಳ ಶೋಧನೆ ಮತ್ತು ಪ್ರಕಟಣೆ. ಮಠ ಮಠಗಳಿಗೆ, ಭಕ್ತರ ಮನೆ ಮನೆಗಳಿಗೆ ಅಲೆದು ಅವರು ಓಲೆಗರಿಗಳನ್ನು ಸಂಗ್ರಹಿಸಿದರು. ಬೆರಳೆಣಿಕೆಯಷ್ಟು ವಚನಕಾರರ ಹೆಸರು ಮಾತ್ರ ಜನಕ್ಕೆ ಗೊತ್ತಿದ್ದ ಕಾಲದಲ್ಲಿ ಇನ್ನೂರಕ್ಕೂ ಮೀರಿದ ವಚನಕಾರರನ್ನು ಬೆಳಕಿಗೆ ತಂದರು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಮುದ್ರಣಗೊಂಡು ಹೊರಬಂದಿತು. ವಚನಗಳನ್ನು ವಿಷಯಾನುಸಾರ ವಿಂಗಡಿಸಿ, ಅವುಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂದು ತೋರಿಸಿಕೊಟ್ಟ ಗ್ರಂಥವಿದು. ಆದರೆ ಬೇರೆ ಊರಿನ ಮುದ್ರಣಾಲಯವನ್ನು ನಂಬಿ ಇಂತಹ ಕೆಲಸವನ್ನು ಮುಂದುವರಿಸುವುದು ಕಷ್ಟಸಾಧ್ಯ. ಅಪರಿಚಿತ ಪರಿಭಾಷೆ, ಹಳೆಯ ಪದರೂಪಗಳು, ನೂರಾರು ಅಂಕಿತಗಳು. ಮೊಳೆ ಜೋಡಿಸುವವನಿಗೆ ಇವು ಒಂದೂ ತಿಳಿಯದು. ಕರಡನ್ನು ಸಂಪಾದಕನೇ ಪಕ್ಕದಲ್ಲಿ ಕುಳಿತು ತಿದ್ದಬೇಕು. ಒಂದು ಫಾರಂ ಅಚ್ಚಾದ ಮೇಲೆ ಆ ಮೊಳೆಗಳನ್ನು ಕಳಚಿ ಮುಂದಿನ ಫಾರಮಿಗೆ ಬಳಸುವ ಕಾಲವದು. ತಪ್ಪು ಉಳಿದರೆ ಅದು ಅಷ್ಟೂ ಪ್ರತಿಗಳಲ್ಲಿ ಉಳಿಯಿತೆಂದೇ ಲೆಕ್ಕ. ಆದಕಾರಣ ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ಇಲ್ಲಿ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವುಂಟು. 1930ರಲ್ಲಿ ಹಳಕಟ್ಟಿಯವರು ‘ಶೂನ್ಯಸಂಪಾದನೆ’ಯನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ತಂದರು. ಅದು ಗೂಳೂರ ಸಿದ್ಧವೀರಣ್ಣೊಡೆಯರ ಪರಿಷ್ಕರಣ. ತುಮಕೂರು ಸೀಮೆಯ ವಿರಕ್ತರು ಓಲೆಗರಿಯಲ್ಲಿ ಕೊರೆದ ಗ್ರಂಥವು ನಾಲ್ಕು ಶತಮಾನಗಳ ತರುವಾಯ ಬಿಜಾಪುರದ ಒಬ್ಬ ವಕೀಲರ ಶ್ರಮದಿಂದ ಪುಸ್ತಕವಾಗಿ ತಾನು ಹುಟ್ಟಿದ ಸೀಮೆಗೆ ಹಿಂದಿರುಗಿತು. ಮುಂದೆ ಸಂ.ಶಿ. ಭೂಸನೂರಮಠರು 1958ರಲ್ಲಿ ಅದನ್ನು ಮತ್ತೆ ಸಂಪಾದಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು.

ಹಳಕಟ್ಟಿಯವರಿಗೆ ಈ ಪ್ರಕಟಣೆಗಳಿಂದ ಲಾಭವಾಗಲಿಲ್ಲ. ಸಾಲ, ಸಂಸಾರದ ಕಷ್ಟ, ಮಾಸಿದ ಉಡುಪು, ಇವುಗಳ ನಡುವೆಯೇ ದಶಕಗಳ ಕಾಲ ಪತ್ರಿಕೆಯನ್ನು ನಡೆಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರಲ್ಲಿ ಅವರು ಲಿಂಗೈಕ್ಯರಾದರು. ಇಂದು ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವನ್ನಾಗಿ ರಾಜ್ಯದಲ್ಲಿ ಆಚರಿಸಲಾಗುತ್ತಿದೆ. ಆ ದಿನ ಭಾವಚಿತ್ರಕ್ಕೆ ಹೂವೇರಿಸುವುದರ ಜೊತೆಗೆ ನೆನೆಯಬೇಕಾದ ಮಾತೊಂದಿದೆ: ಅವರು ಗ್ರಂಥಗಳನ್ನು ಸಂಗ್ರಹಿಸಿ ಸುಮ್ಮನಾಗಲಿಲ್ಲ, ಅಚ್ಚು ಮಾಡಿ ಜನರಿಗೆ ಮುಟ್ಟಿಸುವ ಭಾರವನ್ನೂ ತಾವೇ ಹೊತ್ತರು.

ಹೊತ್ತು ಮಾರಿದವರು

ಅಚ್ಚಾದ ಪುಸ್ತಕವು ಮುದ್ರಣಾಲಯದಲ್ಲಿಯೇ ಉಳಿದರೆ ಅದು ಓಲೆಗರಿಯ ಕಟ್ಟಿಗಿಂತ ಉತ್ತಮವೇನಲ್ಲ. ಪುಸ್ತಕದಂಗಡಿಗಳು ದೊಡ್ಡ ಪಟ್ಟಣಗಳಲ್ಲಿ ಮಾತ್ರವಿದ್ದ ಕಾಲದಲ್ಲಿ ಹಳ್ಳಿಯ ಭಕ್ತನಿಗೆ ಗ್ರಂಥ ತಲುಪುವ ದಾರಿಗಳು ಮೂರು.

ಮೊದಲನೆಯದು ಅಂಚೆ. 1877ರಲ್ಲಿಯೇ ನಮ್ಮ ದೇಶದಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂದಿತ್ತು. ಪ್ರಕಾಶಕನಿಗೆ ಒಂದು ಕಾರ್ಡು ಬರೆದರೆ ಪುಸ್ತಕ ಅಂಚೆಯಲ್ಲಿ ಬರುವುದು; ಹಣವನ್ನು ಅಂಚೆಯವನ ಕೈಗೆ ಕೊಟ್ಟು ಬಿಡಿಸಿಕೊಳ್ಳುವುದು. ಪತ್ರಿಕೆಯ ಚಂದಾದಾರರೇ ಪುಸ್ತಕದ ಗ್ರಾಹಕರೂ ಆಗುತ್ತಿದ್ದರು.

ಎರಡನೆಯದು ಹೊತ್ತು ಮಾರುವುದು. ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಸಂಗತಿ ಸುಪ್ರಸಿದ್ಧ. ಲೇಖಕನೇ ಪ್ರಕಾಶಕ, ಅವನೇ ಮಾರಾಟಗಾರ ಎಂಬ ಈ ಸಂಪ್ರದಾಯವು ಕನ್ನಡದಲ್ಲಿ ಬಹುಕಾಲ ನಡೆಯಿತು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ವರ್ಷಕ್ಕಿಷ್ಟು ಪುಸ್ತಕ ಕೊಡುವ ಕ್ರಮವನ್ನು ರೂಢಿಸಿತು. ಓದುಗನ ಮೇಲೆ ನಂಬಿಕೆಯಿಟ್ಟು ನಡೆಸಿದ ವ್ಯವಹಾರವಿದು.

ಮೂರನೆಯದು ಮಠ ಮತ್ತು ಜಾತ್ರೆ. ವಚನಗ್ರಂಥಗಳ ಮಟ್ಟಿಗೆ ಇದೇ ಹೆದ್ದಾರಿ. ಜಾತ್ರೆಗೆ ಬಂದವನು ರಥಕ್ಕೆ ಬಾಳೆಹಣ್ಣು ಎಸೆದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಮನೆಗೆ ಮರಳುವಾಗ ಮಕ್ಕಳಿಗೆ ಬೆಂಡು ಬತ್ತಾಸಿನೊಂದಿಗೆ ಒಂದು ಸಣ್ಣ ಪುಸ್ತಕವನ್ನೂ ಕೊಳ್ಳುವನು. ನಮ್ಮ ಜಿಲ್ಲೆಯ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ವೇಳೆಗೆ ನಡೆಯುವ ಜಾತ್ರೆಯಲ್ಲಿ ದನಗಳ ಪರಿಷೆಯೂ ವಸ್ತುಪ್ರದರ್ಶನವೂ ಇರುವುದು ಎಲ್ಲರಿಗೂ ವಿದಿತ. ನೇಗಿಲು, ಬೀಜ, ಹಗ್ಗಗಳ ಜೊತೆಯಲ್ಲಿ ಪುಸ್ತಕಕ್ಕೂ ಸ್ಥಾನ ದೊರೆತರೆ ಅದು ರೈತನ ಮನೆಯ ಅಗತ್ಯದ ವಸ್ತುಗಳ ಸಾಲಿಗೆ ಸೇರಿದಂತಾಗುತ್ತದೆ. ‘ಸಿದ್ಧಗಂಗಾ’ ಮಾಸಪತ್ರಿಕೆಯು 1965ರಿಂದ ಇದೇ ಬಗೆಯಲ್ಲಿ ಸಾವಿರಾರು ಮನೆಗಳನ್ನು ಪ್ರವೇಶಿಸಿತು.

ಮಠಗಳ ಗ್ರಂಥಮಾಲೆಗಳು

ಹಳಕಟ್ಟಿಯವರು ಒಬ್ಬಂಟಿಯಾಗಿ ಹೊತ್ತ ಭಾರವನ್ನು ಮುಂದಿನ ತಲೆಮಾರಿನಲ್ಲಿ ಮಠಗಳು ಮತ್ತು ಸಂಸ್ಥೆಗಳು ಹಂಚಿಕೊಂಡವು. ಧಾರವಾಡದ ಮುರುಘಾಮಠವು ಗ್ರಂಥಪ್ರಕಟಣೆಗೆ ಆಶ್ರಯ ನೀಡಿತು. ಬಿ.ಡಿ. ಜತ್ತಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಬಸವ ಸಮಿತಿಯು ‘ಬಸವಪಥ’ ಪತ್ರಿಕೆಯನ್ನು ನಡೆಸಿತು. ಆಯ್ದ ವಚನಗಳನ್ನು ಭಾರತದ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದ ಮಾಡಿಸಿತು. ಸುತ್ತೂರು ಮಠದ ಆಶ್ರಯದಲ್ಲಿ ಶರಣ ಸಾಹಿತ್ಯ ಪರಿಷತ್ತು 1986ರಲ್ಲಿ ರೂಪುಗೊಂಡಿತು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠವೂ ಈ ಕಾರ್ಯದಲ್ಲಿ ಹಿಂದೆ ಬೀಳಲಿಲ್ಲ.

ಇವುಗಳಲ್ಲಿ ಗದುಗಿನ ತೋಂಟದಾರ್ಯ ಮಠದ ಹೆಸರನ್ನು ವಿಶೇಷವಾಗಿ ಹೇಳಬೇಕು. ಎಡೆಯೂರು ತೋಂಟದ ಸಿದ್ಧಲಿಂಗೇಶ್ವರರ ಪರಂಪರೆಗೆ ಸೇರಿದ ಆ ಪೀಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು (1949–2018) ಅಧ್ಯಯನಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಪ್ರಕಟಿಸಿ, ಕನ್ನಡದ ಸ್ವಾಮಿಗಳೆಂದು ಜನಪ್ರೀತಿ ಗಳಿಸಿದರು. ಇಲ್ಲಿನ ಕಗ್ಗೆರೆಯ ತೋಟದ ಬೇರು ಗದುಗಿನಲ್ಲಿ ಪುಸ್ತಕವಾಗಿ ಫಲಿಸಿತೆಂದರೆ ತಪ್ಪಾಗದು.

1993ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳು ಸುಲಭ ಬೆಲೆಗೆ ದೊರೆತವು. ಈಚೆಗೆ ‘ವಚನ ಸಂಚಯ’ ಎಂಬ ಜಾಲತಾಣದ ಮೂಲಕ ಯಾವ ಪದ ಯಾವ ವಚನದಲ್ಲಿದೆಯೆಂದು ಕ್ಷಣಾರ್ಧದಲ್ಲಿ ಹುಡುಕುವುದೂ ಸಾಧ್ಯವಾಗಿದೆ.

ಹೀಗಿರುವಾಗ ಸಣ್ಣ ಪ್ರಕಾಶಕರ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ಸಮಗ್ರ ಸಂಪುಟವು ವಿದ್ವಾಂಸನ ಮೇಜಿಗೆ ಬೇಕು. ಆದರೆ ಕೊಬ್ಬರಿ ಸುಲಿದು ಸಂಜೆ ಮನೆಗೆ ಬಂದವನಿಗೆ, ಓದು ಕಲಿಯುತ್ತಿರುವ ಬಾಲಕನಿಗೆ, ಕಣ್ಣು ಮಂಜಾದ ತಾಯಿಗೆ ಬೇಕಾದುದು ಅರವತ್ತು ಎಪ್ಪತ್ತು ಪುಟದ, ದೊಡ್ಡ ಅಕ್ಷರದ, ಕಠಿಣ ಪದಗಳಿಗೆ ಅರ್ಥ ಕೊಟ್ಟ ಒಂದು ಚಿಕ್ಕ ಪುಸ್ತಕ. ಒಂದು ಊರಿನ ಗದ್ದಿಗೆಯ ಚರಿತ್ರೆ, ಒಬ್ಬ ಸ್ಥಳೀಯ ತತ್ವಪದಕಾರರ ಪದಗಳು, ಒಬ್ಬ ಲಿಂಗೈಕ್ಯ ಗುರುಗಳ ಪ್ರವಚನಗಳು ರಾಜಧಾನಿಯ ದೊಡ್ಡ ಪ್ರಕಾಶಕರಿಗೆ ಲಾಭದ ಬಾಬತ್ತಲ್ಲ. ಅವನ್ನು ಊರಿನವರೇ ಅಚ್ಚು ಮಾಡಬೇಕು. ಮಾಡದಿದ್ದರೆ ಅವು ಎಲ್ಲಿಯೂ ಅಚ್ಚಾಗುವುದಿಲ್ಲ.

ಗ್ರಂಥಿಗೆ ಅಂಗಡಿಯ ಒಂದು ಹಲಗೆ

ಇಂತಹ ಚಿಕ್ಕ ಪುಸ್ತಕಗಳು ಸಿಗುವ ಸ್ಥಳವೂ ಚಿಕ್ಕದೇ. ಪೇಟೆಯ ಗ್ರಂಥಿಗೆ ಅಂಗಡಿಗಳು, ಕ್ಷೇತ್ರಗಳ ಮುಂದಿನ ಸಾಲು ಅಂಗಡಿಗಳು, ಮಠದ ಕಾರ್ಯಾಲಯದ ಕಪಾಟು. ವಿಭೂತಿ ಗಟ್ಟಿ, ರುದ್ರಾಕ್ಷಿ, ಶಿವದಾರ, ಕರಡಿಗೆ, ಊದುಬತ್ತಿಗಳ ನಡುವೆ ಒಂದು ಹಲಗೆ ಪುಸ್ತಕಕ್ಕೆ ಮೀಸಲು: ಪಂಚಾಂಗ, ಪೂಜಾವಿಧಿ, ಪುರಾಣ, ವಚನಸಂಗ್ರಹ. ಅಂಗಡಿಯವರಿಗೆ ಆ ಹಲಗೆಯಿಂದ ಬರುವ ಗಳಿಕೆ ಅತ್ಯಲ್ಪ. ಆದರೂ ಧೂಳು ಒರೆಸಿ ಇಟ್ಟುಕೊಂಡಿರುತ್ತಾರೆ. ಇಷ್ಟಲಿಂಗಕ್ಕೆ ವಸ್ತ್ರ ಕೊಳ್ಳಲು ಬಂದವರಿಗೆ ಇದನ್ನೂ ನೋಡಿ ಎಂದು ತೋರಿಸುತ್ತಾರೆ. ಅಂತರ್ಜಾಲದಲ್ಲಿ ಹುಡುಕಿ ಪಡೆಯುವವನಿಗೆ ತಾನು ಹುಡುಕುತ್ತಿರುವುದು ಏನೆಂದು ಮೊದಲೇ ಗೊತ್ತಿರಬೇಕು. ಹಲಗೆಯ ಮುಂದೆ ನಿಂತವನಿಗಾದರೋ ತಾನು ಕೇಳರಿಯದ ಶರಣರ ಹೆಸರು ಅಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಈ ವ್ಯವಹಾರದ ಲೆಕ್ಕವನ್ನು ಭಕ್ತರು ಒಮ್ಮೆ ತಿಳಿಯುವುದು ಒಳಿತು. ಉದಾಹರಣೆಗೆ, ಒಂದು ಚಿಕ್ಕ ಪುಸ್ತಕವನ್ನು 1000 ಪ್ರತಿ ಅಚ್ಚು ಮಾಡಲು ಪ್ರತಿಯೊಂದಕ್ಕೆ 40 ರೂಪಾಯಿಯಂತೆ 40,000 ರೂಪಾಯಿ ತಗುಲಿತೆಂದು ಇಟ್ಟುಕೊಳ್ಳೋಣ. ಮುಖಬೆಲೆ 100 ರೂಪಾಯಿ. ಅಂಗಡಿಗೆ ಶೇಕಡಾ 35 ರಿಯಾಯಿತಿ ಕೊಟ್ಟರೆ ಪ್ರಕಾಶಕನ ಕೈ ಸೇರುವುದು 65 ರೂಪಾಯಿ. ಹಾಕಿದ ಹಣ ಹಿಂದಿರುಗಲು 616 ಪ್ರತಿಗಳು ಮಾರಾಟವಾಗಬೇಕು. ಇನ್ನು ಸಾಗಣೆ, ಅಂಚೆ, ಗೌರವಪ್ರತಿ, ಅಂಗಡಿಯಿಂದ ಬಾರದ ಬಾಕಿ ಇವೆಲ್ಲ ಪ್ರತ್ಯೇಕ. 1000ದಲ್ಲಿ 400 ಪ್ರತಿಗಳನ್ನು ಸಮಾರಂಭದಲ್ಲಿ ಉಚಿತವಾಗಿ ಹಂಚಿದರೆ ಉಳಿದ 600 ಪೂರ್ತಿ ಮಾರಾಟವಾದರೂ ಬರುವುದು 39,000 ರೂಪಾಯಿ. ಅಲ್ಲಿಗೆ ಮುಂದಿನ ಪುಸ್ತಕದ ಬೀಜದ ಹಣವೇ ಹೋಯಿತು.

ಈಚಿನ ಕೆಲವು ಬದಲಾವಣೆಗಳೂ ಈ ಸಣ್ಣವರನ್ನೇ ಮೊದಲು ತಟ್ಟಿವೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆಯಿಂದ ವಿನಾಯಿತಿ ದೊರೆಯಿತು; ಆದರೆ ಕಾಗದಕ್ಕೂ ಮುದ್ರಣಕ್ಕೂ ತೆರಿಗೆಯಿದ್ದು, ಅದನ್ನು ಮರಳಿ ಪಡೆಯುವ ಮಾರ್ಗ ಪ್ರಕಾಶಕನಿಗೆ ಇಲ್ಲ. ಬಹುಕಾಲದಿಂದ ಪುಸ್ತಕಗಳಿಗೆ ಆಸರೆಯಾಗಿದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆಯು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಚಿಕ್ಕ ಪುಸ್ತಕಕ್ಕೆ ಅದರ ಬೆಲೆಯಷ್ಟೇ ಅಂಚೆವೆಚ್ಚ ತಗುಲುವ ಪರಿಸ್ಥಿತಿ ಬಂದಿತು. 2025ರ ಮೇ ತಿಂಗಳಿನಲ್ಲಿ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಆರಂಭವಾಗಿ, 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿಯಿಂದ ದರ ನಿಗದಿಯಾದುದು ಕೊಂಚ ಸಮಾಧಾನದ ವಿಷಯ.

ಅಂಕಿತದ ಹೊಣೆ

ಪ್ರಕಾಶಕನ ಮೇಲೆ ಹಣದ ಭಾರಕ್ಕಿಂತಲೂ ಹಿರಿದಾದ ಇನ್ನೊಂದು ಭಾರವಿದೆ. ಅದು ಪಾಠಶುದ್ಧಿಯ ಭಾರ. ವಚನದ ಒಂದು ಅಕ್ಷರ ವ್ಯತ್ಯಾಸವಾದರೆ ಅರ್ಥವೇ ವಿಪರೀತವಾಗಬಹುದು. ಅಂಕಿತ ವ್ಯತ್ಯಾಸವಾದರೆ ವಚನಕಾರರೇ ಬದಲಾದಂತೆ. 1990ರ ದಶಕದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ಬೇರೆ ಹೆಸರನ್ನಿಟ್ಟು ಪ್ರಕಟವಾದ ‘ಬಸವ ವಚನದೀಪ್ತಿ’ ಗ್ರಂಥವನ್ನು ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಎತ್ತಿಹಿಡಿಯಿತು. ಆ ವಿವಾದದ ಒಳಹೊರಗುಗಳ ಚರ್ಚೆ ಇಲ್ಲಿ ಅಪ್ರಸ್ತುತ. ಒಂದು ಅಂಕಿತಕ್ಕೆ ಭಕ್ತಸಮುದಾಯದ ಹೃದಯದಲ್ಲಿ ಎಂತಹ ಸ್ಥಾನವಿದೆಯೆಂಬುದನ್ನು ಅಚ್ಚು ಮಾಡುವವರು ಮರೆಯಬಾರದೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಇಂದು ಚರವಾಣಿಯಲ್ಲಿ ದಿನಕ್ಕೊಂದು ವಚನ ಹರಿದುಬರುತ್ತದೆ. ಅವುಗಳಲ್ಲಿ ಶರಣರು ಹೇಳದ ಮಾತುಗಳು ಶರಣರ ಹೆಸರಿನಲ್ಲಿ ಬರುವುದೂ ಉಂಟು. ಒಬ್ಬರ ವಚನಕ್ಕೆ ಇನ್ನೊಬ್ಬರ ಅಂಕಿತ ಅಂಟಿಕೊಂಡಿರುವುದೂ ಉಂಟು. ಅದನ್ನು ಯಾರು ಬರೆದರು, ಯಾವ ಪ್ರತಿಯಿಂದ ತೆಗೆದರು ಎಂದು ಕೇಳಲು ಅಲ್ಲಿ ಯಾರೂ ಇಲ್ಲ. ಮುದ್ರಿತ ಪುಸ್ತಕದಲ್ಲಿಯಾದರೋ ಸಂಪಾದಕನ ಹೆಸರಿದೆ, ಪ್ರಕಾಶಕನ ವಿಳಾಸವಿದೆ, ಮುದ್ರಣದ ವರ್ಷವಿದೆ. ತಪ್ಪಾದರೆ ಕೇಳಬಹುದು, ಮರುಮುದ್ರಣದಲ್ಲಿ ತಿದ್ದಬಹುದು. ಆ ಒಂದು ಪುಟದ ವಿವರವು ಓದುಗನಿಗೆ ಪ್ರಕಾಶಕನು ಕೊಡುವ ಜಾಮೀನು.

ಕಾಯಕವೂ ದಾಸೋಹವೂ

ಧರ್ಮಗ್ರಂಥವನ್ನು ಮಾರಬಹುದೇ, ಉಚಿತವಾಗಿ ಕೊಡಬೇಡವೇ ಎಂಬ ಪ್ರಶ್ನೆಯು ಮಠದ ಭಕ್ತರಲ್ಲಿ ಆಗಾಗ್ಗೆ ಉದ್ಭವಿಸುತ್ತದೆ. ಸದ್ಭಾವನೆಯಿಂದಲೇ ಬರುವ ಪ್ರಶ್ನೆಯಿದು. ಇದಕ್ಕೆ ಶರಣರ ಬಾಳಿನಲ್ಲಿಯೇ ಉತ್ತರವಿದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲರಿಗೂ ತಿಳಿದಿರುವುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಅಕ್ಕಿ ಆಯುವುದು ಕಾಯಕವಾದುದು ಅದರಲ್ಲಿ ಅಳತೆಯಿದ್ದುದರಿಂದ. ಅಳತೆ ಮೀರಿದಾಗ ಅದೇ ಅಕ್ಕಿ ಆಸೆಯಾಯಿತು.

ಈ ಪ್ರಸಂಗದ ಬೆಳಕಿನಲ್ಲಿ ಗ್ರಂಥದ ವ್ಯಾಪಾರವನ್ನು ನೋಡಬಹುದು. ವೆಚ್ಚಕ್ಕೂ ದುಡಿಮೆಗೂ ತಕ್ಕ ಬೆಲೆ ಪಡೆಯುವುದು ಕಾಯಕ. ಭಕ್ತಿಯನ್ನು ಬಂಡವಾಳ ಮಾಡಿಕೊಂಡು ಹೆಚ್ಚು ಬೆಲೆ ಕೀಳುವುದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಅಕ್ಕಿಗೆ ಸಮಾನ. ಹಾಗೆಯೇ, ಮೊಳೆ ಜೋಡಿಸಿದವನ, ರಟ್ಟು ಕಟ್ಟಿದವನ, ಅಂಗಡಿಯಲ್ಲಿ ಕುಳಿತವನ ದುಡಿಮೆಗೆ ಬೆಲೆಯೇ ಬೇಡವೆನ್ನುವುದೂ ಕಾಯಕತತ್ವಕ್ಕೆ ಒಪ್ಪುವ ಮಾತಲ್ಲ. ಕಾಯಕವಿಲ್ಲದ ದಾಸೋಹವನ್ನು ಶರಣರು ಎಲ್ಲಿಯೂ ಬೋಧಿಸಲಿಲ್ಲ.

ಹಾಗಾದರೆ ಕೊಳ್ಳಲಾರದವರಿಗೆ ದಾರಿಯೇನು? ಉಳ್ಳವರು ಪ್ರಕಾಶಕನಿಂದ ಉಚಿತ ಪ್ರತಿ ಬೇಡುವ ಬದಲು ತಕ್ಕ ಬೆಲೆ ತೆತ್ತು ಹತ್ತು ಪ್ರತಿ ಕೊಂಡು, ಶಾಲೆಯ ಮಕ್ಕಳಿಗೂ ಬಡ ಭಕ್ತರಿಗೂ ಹಂಚುವುದು. ಇದರಿಂದ ಕಾಯಕದವನ ಕಾಯಕ ಉಳಿಯುತ್ತದೆ, ದಾಸೋಹಿಯ ದಾಸೋಹವೂ ನಡೆಯುತ್ತದೆ. ಮದುವೆ, ಗೃಹಪ್ರವೇಶ, ಶಿವಗಣಾರಾಧನೆಗಳಲ್ಲಿ ಸ್ಟೀಲು ಬಟ್ಟಲು, ಪ್ಲಾಸ್ಟಿಕ್ ಡಬ್ಬಿಗಳನ್ನು ಹಂಚುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಅದರ ಬದಲು ಒಂದು ವಚನದ ಪುಸ್ತಕ ಕೊಡುವ ರೂಢಿಯನ್ನು ಕೆಲವು ಮನೆತನಗಳು ಈಗಾಗಲೇ ಆರಂಭಿಸಿರುವುದು ಸಂತೋಷದ ಸಂಗತಿ. ಒಂದು ಮದುವೆಗೆ ಬೇಕಾಗುವ ಐನೂರು ಪ್ರತಿಗಳು ಒಬ್ಬ ಸಣ್ಣ ಪ್ರಕಾಶಕನ ಅರ್ಧ ಮುದ್ರಣವನ್ನೇ ಉಳಿಸಿಕೊಡುತ್ತವೆಯೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ.

ಉಪಸಂಹಾರ

ಹದಿನಾರನೆಯ ಶತಮಾನದಲ್ಲಿ ಈ ಸೀಮೆಯ ವಿರಕ್ತರು ಪ್ರತಿ ಮಾಡದಿದ್ದರೆ ಹಳಕಟ್ಟಿಯವರಿಗೆ ಹುಡುಕಲು ಓಲೆಗರಿಗಳೇ ಇರುತ್ತಿರಲಿಲ್ಲ. ಹಳಕಟ್ಟಿಯವರು ಅಚ್ಚು ಮಾಡದಿದ್ದರೆ ಮಠಗಳ ಗ್ರಂಥಮಾಲೆಗಳಿಗೆ ಅಡಿಪಾಯವಿರುತ್ತಿರಲಿಲ್ಲ. ಗ್ರಂಥಮಾಲೆಗಳ ಪುಸ್ತಕಗಳನ್ನು ಜಾತ್ರೆಯ ಚಪ್ಪರದಲ್ಲಿ, ಗ್ರಂಥಿಗೆ ಅಂಗಡಿಯಲ್ಲಿ ಇಟ್ಟು ಮಾರದಿದ್ದರೆ ನಮ್ಮ ಮನೆಗಳಿಗೆ ವಚನಗಳು ಬರುತ್ತಿರಲಿಲ್ಲ. ಈ ಸರಪಣಿಯ ಕೊನೆಯ ಕೊಂಡಿ ಓದುಗನು. ಕೊಂಡು ಓದುವವರು ಇಲ್ಲವಾದರೆ ಹಲಗೆಯ ಮೇಲಿನ ಪುಸ್ತಕ ಮತ್ತೆ ಅಟ್ಟವನ್ನೇ ಸೇರುವುದು.

ಆದುದರಿಂದ ಭಕ್ತರಲ್ಲಿ ಮೂರು ವಿನಂತಿಗಳು. ಎಡೆಯೂರಿಗಾಗಲಿ, ಸಿದ್ಧಗಂಗೆಗಾಗಲಿ, ಇತರ ಯಾವುದೇ ಕ್ಷೇತ್ರಕ್ಕಾಗಲಿ ಹೋದಾಗ ಪ್ರಸಾದದೊಡನೆ ಒಂದು ಪುಸ್ತಕವನ್ನೂ ತರುವುದು. ತಂದ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟು ಸುಮ್ಮನಾಗದೆ ದಿನಕ್ಕೊಂದು ವಚನವನ್ನಾದರೂ ಮನೆಯ ಮಕ್ಕಳಿಂದ ಗಟ್ಟಿಯಾಗಿ ಓದಿಸುವುದು. ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಹಳೆಯ ಓಲೆಗರಿಯ ಕಟ್ಟಾಗಲಿ, ಹಿರಿಯರು ಅಚ್ಚು ಮಾಡಿಸಿದ ಹಳೆಯ ಪುಸ್ತಕವಾಗಲಿ, ಕೈಬರಹದ ಹಾಡಿನ ಪುಸ್ತಕವಾಗಲಿ ಇದ್ದರೆ ಅದನ್ನು ನೀರಿಗೆ ಬಿಡದೆ, ರದ್ದಿಗೆ ಹಾಕದೆ, ಸಮೀಪದ ಮಠಕ್ಕೆ ಒಮ್ಮೆ ತೋರಿಸುವುದು. ಮುಂದಿನ ಒಂದು ಪುಸ್ತಕವು ಆ ಕಟ್ಟಿನಲ್ಲಿಯೇ ಇದ್ದರೂ ಇರಬಹುದು.

ಓಲೆ ಕೊರೆದವರಿಗೂ, ಮೊಳೆ ಜೋಡಿಸಿದವರಿಗೂ, ಹೊತ್ತು ಮಾರಿದವರಿಗೂ, ಕೊಂಡು ಓದಿದವರಿಗೂ ಶರಣು ಶರಣಾರ್ಥಿಗಳು.